ಪದಚರ್ಚೆ: ‘ಟೆಸ್ಟ್ ಫಿಕ್ಸ್‌ಚರ್’ಗೆ ಏನನ್ನೋಣ? (ತುರ್ತು)

ಗೆಳೆಯರೇ,
ಒಂದು ತಂತ್ರಾಂಶದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಒಪ್ಪಿಸಬೇಕು. ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗೆ ಮೊದಲೇ ಅಣಿಮಾಡಿಡುವುದು ಫಿಕ್ಸ್‌ಚರ್. ಕಾನ್ಫ್‌ಟೆಸ್ಟ್ ಅಂದರೆ ಪೈಟೆಸ್ಟ್ ಎಂಬ ಪೈಥಾನ್ ಟೆಸ್ಟ್ ಉಪಕರಣದಲ್ಲಿ ಹಲವು ಟೆಸ್ಟ್ ಫೈಲುಗಳು ಹಂಚಿಕೊಳ್ಳುವ ಫೈಲು. ವಾಕ್ಯ ಇದು: “ಒಂದೇ ಫೈಲಿನ ಟೆಸ್ಟ್‌ಗಳಿಗೆ ಬೇಕಾದ ಫಿಕ್ಸ್‌ಚರ್ ಅಲ್ಲೇ ಇರಲಿ. ಹಲವು ಫೈಲುಗಳಿಗೆ ಬೇಕಾದದ್ದು ಕಾನ್ಫ್‌ಟೆಸ್ಟ್‌ಗೆ ಹೋಗಲಿ.” ‘ಪರೀಕ್ಷಾ ದತ್ತಾಂಶ’ ಅಂದರೆ ಸಾಕಾ?

ಉತ್ತರ 1
ಸಾಲದು. ಪೈಟೆಸ್ಟ್‌ನಲ್ಲಿ ಫಿಕ್ಸ್‌ಚರ್ ಅನ್ನುವುದು ಒಂದು ಫಂಕ್ಷನ್. ಟೆಸ್ಟ್‌ಗೆ ಮೊದಲು, ಉದಾಹರಣೆಗೆ, ಡೇಟಾಬೇಸ್ ತೆರೆದು ನಾಲ್ಕು ಸಾಲು ಮಾಹಿತಿ ತುಂಬುತ್ತದೆ. ಟೆಸ್ಟ್ ಮುಗಿದ ಮೇಲೆ ‘ಯೀಲ್ಡ್’ನಿಂದ ಮುಂದಿನ ಕೋಡ್ ಸಾಲುಗಳು ಓಡಿ ಎಲ್ಲವನ್ನೂ ಅಳಿಸುತ್ತವೆ. ಇದು ದತ್ತಾಂಶ ಹೇಗಾಗುತ್ತದೆ? ಆದರೆ ವೆಬ್ ತಂತ್ರಾಂಶ ಕಟ್ಟುವ ಜ್ಯಾಂಗೋದಲ್ಲಿ ಅದೇ ಹೆಸರು ಜೇಸನ್‌ನಂಥ ದತ್ತಾಂಶದ ಫೈಲಿಗಿದೆ, ‘ಲೋಡ್‌ಡೇಟಾ’ ಆಜ್ಞೆ ಅದನ್ನು ಡೇಟಾಬೇಸಿಗೆ ಸುರಿಯುತ್ತದೆ. ಅಂಥದೇ ಇನ್ನೊಂದಾದ ರೈಲ್ಸ್‌ನಲ್ಲಿ ಯಾಮಲ್ ಎಂಬ ಬಗೆಯ ದತ್ತಾಂಶದ ಫೈಲು. ಫಂಕ್ಷನ್, ಫೈಲು ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಫೈಲು ಹುಡುಕಿಕೊಂಡು ಹೋಗುತ್ತಾರೆ. ಫೈಲಾದರೆ ‘ಮಾದರಿ ದತ್ತಾಂಶ’, ಫಂಕ್ಷನ್ ಆದರೆ ‘ಸಜ್ಜು’ ಅನ್ನಿ.

ಉತ್ತರ 2
‘ಸಜ್ಜು’ ಸಂಸ್ಕೃತದಿಂದ ಬಂದದ್ದು. ನಮ್ಮದೇ ‘ಅಣಿ’ ಇದೆಯಲ್ಲ, ಅಣಿಮಾಡು, ಅಣಿಯಾಗು. ಟೆಸ್ಟ್‌ಗೆ ‘ಒರೆ’. ‘ಒರೆಯಣಿ’ ಅಂತ ಬರೆಯಿರಿ. ದತ್ತಾಂಶವನ್ನೂ ಕೈಬಿಡಿ. ಇಂಗ್ಲಿಷ್ ಬೇಡ ಅಂತ ಸಂಸ್ಕೃತ ತರುವುದಾದರೆ ಅನುವಾದ ಯಾಕೆ?

ಉತ್ತರ 3
ಒರೆಯಣಿ ಬೇಡವೇ ಬೇಡ. ಟೆಸ್ಟ್ ಬರೆಯುವ ಯಾರ ಬಾಯಲ್ಲೂ ಅದು ನಿಲ್ಲುವುದಿಲ್ಲ. ತದ್ಭವವಾದ ಮೇಲೆ ‘ಸಜ್ಜು’ ಕನ್ನಡವೇ, ಅದರ ಜಾತಕ ಕೇಳಬೇಡಿ. ಇನ್ನು ದತ್ತಾಂಶದ ವಿಷಯ. ಲ್ಯಾಟಿನ್ ‘ಡೇಟಾ’ ಅಂದರೆ ಕೊಟ್ಟದ್ದು. ಸಂಸ್ಕೃತದ ‘ದತ್ತ’ ಅಂದರೂ ಕೊಟ್ಟದ್ದು. ಎರಡರ ಬೇರೂ ಒಂದೇ. ಹಾಗಿರುವಾಗ ಒಂದು ಪರಕೀಯ, ಇನ್ನೊಂದು ಸ್ವಂತ ಅನ್ನುವ ಜಗಳಕ್ಕೆ ಅರ್ಥವಿಲ್ಲ. ನಾನಂತೂ ‘ಡೇಟಾ’ ಅಂತಲೇ ಬರೆಯುತ್ತೇನೆ.

ಉತ್ತರ 2
ಬೇರು ಒಂದೇ ಆದರೆ ಎರಡೂ ಹೊರಗಿನವೇ ಆದವು, ಅಲ್ವಾ? ಹೀಗೇ ಒಂದೊಂದೇ ಬಿಟ್ಟುಕೊಟ್ಟರೆ ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ನಮ್ಮದು.

ಉತ್ತರ 1
ಆ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಕೇಳಿದವರಿಗೆ ಇನ್ನೊಂದು ಮಾತು: ಫೈಲು, ಫೋಲ್ಡರ್‌ಗಳ ಹೆಸರುಗಳನ್ನು ಮುಟ್ಟಬೇಡಿ. ‘ಟೆಸ್ಟ್‌ಡೇಟಾ’ ಎಂಬ ಫೋಲ್ಡರನ್ನು ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಉಪಕರಣ ಕೋಡಿನ ಪ್ಯಾಕೇಜ್ ಎಂದು ಎಣಿಸುವುದಿಲ್ಲ. ಪೈಟೆಸ್ಟ್ ಕಾನ್ಫ್‌ಟೆಸ್ಟನ್ನು ಆ ಹೆಸರಿನಿಂದಲೇ ಗುರುತಿಸುತ್ತದೆ. ಅನುವಾದ ವಿವರಣೆಗೆ ಮಾತ್ರ.

ಕೇಳಿದವರು
ಹೀಗೆ ಬರೆದೆ: “ಒಂದೇ ಫೈಲಿನ ಟೆಸ್ಟ್‌ಗಳಿಗೆ ಬೇಕಾದ ಸಜ್ಜು ಅಲ್ಲೇ ಇರಲಿ.” ಮೊದಲ ಸಲ ಬಂದಲ್ಲಿ ‘ಫಿಕ್ಸ್‌ಚರ್ ಎಂದರೆ ಸಜ್ಜು’ ಅಂತ ಹೇಳಿದ್ದೇನೆ. ‘ಗೋಲ್ಡನ್ ಫೈಲ್’ ಇನ್ನೂ ಬಾಕಿ ಇದೆ. ಬಂದ ಫಲಿತಾಂಶವನ್ನು ಹೋಲಿಸಿ ನೋಡಲು ಇಟ್ಟ ಫೈಲು ಅದು. ಅದಕ್ಕೆ ‘ಒರೆಗಲ್ಲು’ ಒಪ್ಪುತ್ತದೆಯೇ?