ಸಹಾಯ ಬೇಕು: ಮಂಗಳೂರು–ಮುಂಬೈ ವಿಮಾನದಲ್ಲಿ ಅಮ್ಮ ನಿಜವಾಗಿ ಎಷ್ಟು ಹೊತ್ತು ಕುಳಿತಿರಬೇಕಾಗುತ್ತದೆ?

ಗುಂಪಿನ ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು. ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾಗಿರುವ 78 ವರ್ಷದ ನಮ್ಮ ಅಮ್ಮನನ್ನು ಮುಂದಿನ ತಿಂಗಳು ಮುಂಬೈಯ ಅಣ್ಣನ ಮನೆಗೆ ಕರೆದುಕೊಂಡು ಹೋಗಬೇಕಾಗಿದೆ. ಮತ್ಸ್ಯಗಂಧ ರೈಲಿನಲ್ಲಿ ಮಲಗಿಕೊಂಡು ಹೋಗಬಹುದು, ಆದರೆ ರಾತ್ರಿ ಹೊತ್ತು ಓಲಾಡುವ ಬೋಗಿಯಲ್ಲಿ ಅವರನ್ನು ಶೌಚಾಲಯದವರೆಗೆ ನಡೆಸಲು ನನಗೆ ಧೈರ್ಯವಿಲ್ಲ.

ರಸ್ತೆಯಲ್ಲಿ ಸುಮಾರು 900 ಕಿ.ಮೀ. ಆಗುವ ಈ ದೂರ ಆಕಾಶಮಾರ್ಗದಲ್ಲಿ ಸುಮಾರು 700 ಕಿ.ಮೀ. ಮಾತ್ರ, ಟಿಕೆಟಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ ಎಂದು ತೋರಿಸುತ್ತಾರೆ. ಇದರಲ್ಲಿ ವಿಮಾನವು ರನ್‌ವೇಗೆ ಸಾಗುವ ಮತ್ತು ಇಳಿದ ಮೇಲೆ ನಿಲುಗಡೆಗೆ ಬರುವ ಸಮಯವೂ ಸೇರಿರುತ್ತದೆಯಾದರೂ, ನಾವು ಹತ್ತಿ ಕುಳಿತು ಬಾಗಿಲು ಮುಚ್ಚುವವರೆಗಿನ ಹೊತ್ತು ಸೇರಿರುವುದಿಲ್ಲ. ಮುಂಬೈಯ ದಟ್ಟಣೆಯಲ್ಲಿ ಇಳಿಯಲು ಅನುಮತಿ ಸಿಗದೆ ಸುತ್ತು ಹೊಡೆಯಬೇಕಾದರೆ ಅದು ಬೇರೆ. ಅಮ್ಮನಿಗೆ ಮುಕ್ಕಾಲು ಗಂಟೆ ಕುಳಿತರೆ ಕಾಲು ಮರಗಟ್ಟುತ್ತದೆ. ನಿನ್ನೆ ಊಟ ಮುಗಿಸಿ ಏಳುವಾಗ ಎರಡೂ ಕೈಗಳಿಂದ ಮೇಜಿನ ಅಂಚು ಹಿಡಿದು ಬಹಳ ಹೊತ್ತು ಹಾಗೆಯೇ ನಿಂತಿದ್ದರು. ವಿಮಾನ ಹತ್ತುವ ಮೊದಲೇ ಉಡುಪಿಯಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಸುಮಾರು 60 ಕಿ.ಮೀ. ಕುಳಿತು ಹೋಗಬೇಕು.

ಹಿರಿಯರನ್ನು ಹೀಗೆ ಕರೆದುಕೊಂಡು ಹೋದ ಅನುಭವವಿರುವವರು, ಆಸನದಲ್ಲಿ ಕುಳಿತಾಗಿನಿಂದ ಗಾಲಿಕುರ್ಚಿ ಬಂದು ಇಳಿಸುವವರೆಗೆ ಒಟ್ಟು ಎಷ್ಟು ಸಮಯ ಹಿಡಿಯಿತು, ಬೆಳಗಿನ ವಿಮಾನ ಒಳ್ಳೆಯದೋ ಸಂಜೆಯದೋ ಎಂಬುದನ್ನು ದಯವಿಟ್ಟು ತಿಳಿಸಿ. ಈ ಭಾನುವಾರದೊಳಗೆ ಟಿಕೆಟ್ ಕಾಯ್ದಿರಿಸಬೇಕಾಗಿದೆ.