ಪರವಾನಗಿಯೋ, ಪರವಾನೆಯೋ? ವೈರ್‌ಮನ್ ಕೈಲಿರುವ ಕಾಗದಕ್ಕೆ ಏನನ್ನೋಣ

ಅಕ್ಕನ ಮಗ ವಿಜಯಪುರದವನು, ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ, ಇಲ್ಲೇ ವೈರ್‌ಮನ್ ಪರ್ಮಿಟ್ಟೂ ಮಾಡಿಸಿಕೊಂಡ. ಮೊನ್ನೆ ಒಂದು ಹೌಸಿಂಗ್ ಸೊಸೈಟಿಯಲ್ಲಿ ಎಸಿಗೆ ಹೊಸ ಲೈನ್ ಎಳೆಯಲು ಹೋಗಿದ್ದ. ಮೆಟ್ಟಿಲ ಕೆಳಗಿನ ಮೀಟರ್ ಬಾಕ್ಸ್ ತೆಗೆದು ಟೆಸ್ಟರ್ ಇಟ್ಟಿದ್ದಾನೆ ಅಷ್ಟೇ, ಸೆಕ್ರೆಟರಿ ಬಂದು ತಡೆದರು. ಇವನು ತನ್ನ ಹರಕು ಮರಾಠಿಯಲ್ಲಿ 'ಮಾಝ್ಯಾಕಡೆ ಪರವಾನಗಿ ಆಹೇ' ಅಂದ, ನನ್ನ ಹತ್ತಿರ ಲೈಸೆನ್ಸಿದೆ ಅನ್ನೋ ಅರ್ಥದಲ್ಲಿ. ಅವರು 'ಕೋಣಾಚೀ ಪರವಾನಗೀ? ಮೀ ತರ ದಿಲೀ ನಾಹೀ' ಅಂದರು. ಯಾರ ಅಪ್ಪಣೆ, ನಾನಂತೂ ಕೊಟ್ಟಿಲ್ಲ ಅಂತ!

ತಪ್ಪು ಇಬ್ಬರದೂ ಅಲ್ಲ. ಪರವಾನಾ, ಪರವಾನಗೀ ಫಾರಸಿಯಿಂದ ಬಂದ ಜೋಡಿ. ಮರಾಠಿಯವರು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದಾರೆ: ಪರವಾನಾ ಅಂದರೆ ಲೈಸೆನ್ಸು, ಪರವಾನಗೀ ಅಂದರೆ ಬರೀ ಅನುಮತಿ. ನಾವು ಮಾತ್ರ ಎರಡು ಕೆಲಸವನ್ನೂ ಪರವಾನಗಿ ತಲೆಗೇ ಕಟ್ಟಿದ್ದೇವೆ. ಗಾಡಿ ಓಡಿಸೋಕೂ ಪರವಾನಗಿ, ಒಳಗೆ ಬರೋಕೂ ಪರವಾನಗಿ. (ಫಾರಸಿಯಲ್ಲಿ ಪರವಾನಾ ಅಂದರೆ ದೀಪದ ಹುಳವೂ ಹೌದು. ಕರೆಂಟಿನ ಹುಡುಗನಿಗೆ ಸರಿಯಾಗೇ ಇದೆ ಅಲ್ವಾ.)

ಸುಮ್ನೆ ಪದದ ಹಟಕ್ಕೆ ಕೇಳುತ್ತಿಲ್ಲ. ಈ ಕಸುಬಿನಲ್ಲಿ ಕಾಗದಗಳು ಮೂರು. 1956ರ ವಿದ್ಯುತ್ ನಿಯಮಗಳಲ್ಲಿ 45ನೆಯದು ಹೇಳಿದ್ದು ಇಷ್ಟು: ಕೆಲಸ ಹಿಡಿಯುವ ಕಂಟ್ರಾಕ್ಟರ್‌ಗೆ ಲೈಸೆನ್ಸ್ ಬೇಕು, ನಿಂತು ನೋಡಿಕೊಳ್ಳುವ ಸೂಪರ್‌ವೈಸರ್‌ಗೆ ಅರ್ಹತೆಯ ಸರ್ಟಿಫಿಕೇಟ್ ಬೇಕು, ಕೈಯಲ್ಲಿ ಇಕ್ಕಳ ಹಿಡಿದವನಿಗೆ ಪರ್ಮಿಟ್ ಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಳೆಯದು ತೆಗೆದು ಅಂಥದ್ದೇ ಹೊಸದು ಹಾಕುವುದಕ್ಕೆ ಇದ್ಯಾವುದೂ ಬೇಡ, ಆದರೆ ಹೊಸ ಲೈನ್ ಅಂದ ಕೂಡಲೇ ಬೇಕು. 2010ರಲ್ಲೂ 2023ರಲ್ಲೂ ನಿಯಮಗಳನ್ನು ಹೊಸದಾಗಿ ಬರೆದರು, ಮೂರು ಮೆಟ್ಟಿಲು ಹಾಗೇ ಉಳಿದಿದೆ. ಕನ್ನಡದಲ್ಲಿ ಮೂರಕ್ಕೂ ಪರವಾನಗಿ ಅಂದುಬಿಟ್ಟರೆ ಹುಡುಗನಿಗೆ ತನ್ನ ಪರ್ಮಿಟ್ಟಿನಲ್ಲೇ ಕಂಟ್ರಾಕ್ಟ್ ಹಿಡಿಯಬಹುದು ಅನ್ನಿಸುತ್ತದೆ. ನಮ್ಮವನಿಗೆ ಹಾಗೇ ಅನ್ನಿಸಿತ್ತು!

ಹಾಗಂತ ಮರಾಠಿಯ ಎಲ್ಲವನ್ನೂ ಎತ್ತಿ ತರಬೇಕು ಅಂತಲ್ಲ. ಅವರ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್‌ಗೆ ವೀಜತಂತ್ರೀ, ವೈರ್‌ಮನ್‌ಗೆ ತಾರತಂತ್ರೀ ಅನ್ನುತ್ತಾರೆ. ನಮ್ಮ ಕೆಳಗಿನ ಹೋಟೆಲಿನ ಉಡುಪಿ ಭಟ್ಟರಿಗೆ ಹೇಳಿದೆ, ಅವರು ದೋಸೆ ಮಗುಚುತ್ತಿದ್ದವರು ಸಟ್ಟುಗ ಹಿಡಿದುಕೊಂಡೇ ನಕ್ಕರು. ಅವರ ಊರಲ್ಲಿ ತಂತ್ರಿ ಬಂದರೆ ದೇವಸ್ಥಾನದಲ್ಲಿ ಕಲಶ ಇಡುತ್ತಾರೆ, ಮೀಟರ್ ಬಾಕ್ಸ್ ತೆಗೆಯುವುದಿಲ್ಲ. ತಂತಿಯವನು ಅಂದರೆ ನಮಗೆ ಚೆನ್ನಾಗಿ ಹೊಂದುತ್ತದೆ, ಆದರೆ ಟೆಲಿಗ್ರಾಂ ತರುತ್ತಿದ್ದವನ ನೆನಪು ಜಾಸ್ತಿ ಬರುತ್ತದೆ. ಲೈನ್‌ಮನ್‌ಗೆ ಕರ್ನಾಟಕದ ಕರೆಂಟ್ ಆಫೀಸಿನವರು ಮಾರ್ಗದಾಳು ಅಂತ ಮಾಡಿದ್ದರು, ಅದು ನನಗೆ ಇಷ್ಟ. ಅದು ಕಂಬದವನಿಗೆ ಸರಿ, ಮನೆಯೊಳಗಿನವನಿಗಲ್ಲ.

ನನ್ನ ಲೆಕ್ಕ ಹೀಗೆ: ಕಂಟ್ರಾಕ್ಟರ್‌ನದು ಲೈಸೆನ್ಸ್ ಅಂತಲೇ ಇರಲಿ, ಅದು ಕನ್ನಡವೇ ಆಗಿಹೋಗಿದೆ. ಸೂಪರ್‌ವೈಸರ್‌ನದು ಅರ್ಹತಾಪತ್ರ. ವೈರ್‌ಮನ್ ಕಾಗದಕ್ಕೆ ನಮ್ಮದೇ ಹಳೆಯ ಪದ ಪರವಾನೆ ಇದೆಯಲ್ಲ, ಅದನ್ನು ಎಬ್ಬಿಸಬಹುದೇ? ಆಗ ಪರವಾನಗಿ ಅಪ್ಪಣೆಗೆ ಉಳಿಯುತ್ತದೆ. ಮರಾಠಿಯವರಿಗೆ ಪರವಾನಾ ಲೈಸೆನ್ಸೇ ಆಗಿರುವುದರಿಂದ ಇಲ್ಲಿ ಸ್ವಲ್ಪ ಎಡವಟ್ಟಾಗಬಹುದು, ಆದರೂ ಅಪ್ಪಣೆ ಅಂದುಕೊಳ್ಳುವುದಕ್ಕಿಂತ ವಾಸಿ. ಬೆಳಗಾವಿ, ಕಲಬುರಗಿ ಕಡೆಯವರು ಹೇಳಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಪರವಾನೆ ಇನ್ನೂ ಇದೆಯಾ? ಇದ್ದರೆ ಯಾವ ಕಾಗದಕ್ಕೆ?