ಬಾಣೆ ಅಂದ್ರೆ ಜಾಗವೋ, ಹಕ್ಕೋ? (ಜೊತೆಗೆ ಕೊಲ್ಲಿ, ಬೈಲು)

ಎಲ್ಲರಿಗೂ ನಮಸ್ಕಾರ. ಭಾಗಮಂಡಲದ ಕಡೆಯ ಗುಡ್ಡ, ಗದ್ದೆ, ತೋಟಗಳ ಬಗ್ಗೆ ಒಂದು ಸಣ್ಣ ಬರಹ ಬರೆದು ಮೈಸೂರಿನ ಸ್ನೇಹಿತರೊಬ್ಬರಿಗೆ ತಿದ್ದಲು ಕೊಟ್ಟಿದ್ದೆ. ‘ಆ ರಾತ್ರಿ ಕೊಲ್ಲಿ ಉಕ್ಕಿ ಬೈಲಿಗೆಲ್ಲ ಮಣ್ಣು ಬಂತು’ ಅನ್ನೋ ಸಾಲಿನ ಪಕ್ಕ ಅವರು ಬರೆದದ್ದು: ‘ಕೊಡಗಿಗೆ ಸಮುದ್ರ ಯಾವಾಗ ಬಂತು ಸ್ವಾಮಿ?’

ಅವರಿಗೆ ಕೊಲ್ಲಿ ಅಂದ್ರೆ ಬಂಗಾಳ ಕೊಲ್ಲಿ. ನಮಗೆ ಎರಡು ಗುಡ್ಡಗಳ ಸಂದಿಯಲ್ಲಿ ಕಲ್ಲಿನ ಮೇಲೆ ಇಳಿಯುವ ತೊರೆ, ಅದು ಕೊರೆದ ಸಂದಿಯೂ ಸೇರಿ. ಬೇಸಿಗೆಯಲ್ಲಿ ಚಪ್ಪಲಿ ನೆನೆಯದ ಹಾಗೆ ದಾಟಬಹುದು, ಜುಲೈನಲ್ಲಿ ಹತ್ತಿರ ಹೋಗೋಕೂ ಭಯ. ‘ಹಳ್ಳ’ ಅಂತ ಬದಲಾಯಿಸಿದ್ದಾರೆ, ನನಗ್ಯಾಕೋ ಒಪ್ಪಿಗೆಯಿಲ್ಲ. ಬೈಲನ್ನು ‘ಬಯಲು’ ಮಾಡಿದ್ದಾರೆ. ಮಾತು ಒಂದೇ ಇರಬಹುದು, ಆದರೆ ಬಯಲು ಅಂದ್ರೆ ಓದುವವರ ಕಣ್ಣಿಗೆ ಚಿತ್ರದುರ್ಗದ ಕಡೆಯ ನೆಲ ಬರುತ್ತೆ ಅಲ್ವಾ? ನಮ್ಮ ಬೈಲು ಗುಡ್ಡದ ಬುಡ ಹಿಡಿದು ಡೊಂಕಾಗಿ ಹೋಗುವ ಭತ್ತದ ಗದ್ದೆ, ಕೆಲವು ಕಡೆ ಈ ಅಂಚಿನಿಂದ ಕೂಗಿದರೆ ಆ ಅಂಚಿನವರು ಓಗೊಡುವಷ್ಟು ಕಿರಿದು.

ಇನ್ನು ಬಾಣೆ. ತಲೆನೋವು ಇದರದ್ದೇ ಜಾಸ್ತಿ. ಅವರು ‘ಗುಡ್ಡದ ಇಳಿಜಾರು’ ಅಂತ ಹಾಕಿದ್ದಾರೆ, ನೋಡೋಕೆ ಅದು ಹಾಗೇ ಇದೆ, ತಪ್ಪಲ್ಲ. ಆದರೆ 1899ರ ಕೊಡಗು ಭೂಕಂದಾಯ ಕಾಯ್ದೆಯ ಪ್ರಕಾರ ಬಾಣೆ ಅಂದ್ರೆ ಗದ್ದೆಯ ಅನುಕೂಲಕ್ಕೆ ಅಂತ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಜಾಗ: ದನ ಮೇಯಿಸೋಕೆ, ಗೊಬ್ಬರದ ಸೊಪ್ಪಿಗೆ, ಸೌದೆಗೆ, ಮನೆ ಮತ್ತು ಬೇಸಾಯದ ಮರಮುಟ್ಟಿಗೆ. ಗದ್ದೆ ಇಲ್ಲದೆ ಬಾಣೆ ಇಲ್ಲ. ನಮ್ಮಜ್ಜಿ ಬಾಣೆಯಿಂದ ಸೊಪ್ಪಿನ ಹೊರೆ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು, ಅದೇ ಗೊಬ್ಬರವಾಗಿ ಕೆಳಗೆ ಗದ್ದೆಗೆ ಇಳಿಯುತ್ತಿತ್ತು. ಈಗ ಅಲ್ಲಿ ಪೂರ್ತಿ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿದ ಕಾಳುಮೆಣಸು. ಕೊಟ್ಟಿಗೆಯಲ್ಲಿ ದನವೇ ಇಲ್ಲ, ಸ್ಕೂಟರ್ ನಿಲ್ಲಿಸ್ತೇವೆ. ಆದರೂ ನಾವು ಹೇಳೋದು ‘ಬಾಣೆಗೆ ಹೋಗಿ ಬರ್ತೇನೆ’ ಅಂತಲೇ.

ಹಾಗಾದರೆ ಮೊದಲು ಯಾವುದು? ನೆಲದ ಆಕಾರಕ್ಕೆ ಇದ್ದ ಹೆಸರನ್ನು ಕಂದಾಯದವರು ಹಕ್ಕಿಗೆ ಹಚ್ಚಿದರೋ, ಅಥವಾ ಹಕ್ಕಿನ ಹೆಸರೇ ಜಾಗಕ್ಕೆ ಅಂಟಿತೋ? ಮಡಿಕೇರಿ–ಭಾಗಮಂಡಲ ದಾರಿಯ ಚೇರಂಬಾಣೆಯಂಥ ಊರ ಹೆಸರು ನೋಡಿದರೆ ನನಗೆ ಮೊದಲನೆಯದೇ ಸರಿ ಅನ್ನಿಸುತ್ತೆ. ದಕ್ಷಿಣ ಕನ್ನಡದ ಕುಮ್ಕಿ (ಸಾಗುವಳಿ ಜಮೀನಿಗೆ ಹೊಂದಿಕೊಂಡು, ಸೊಪ್ಪು ಸೌದೆಗೆ ಬಳಸುವ ಸರ್ಕಾರಿ ನೆಲ), ಶಿರಸಿ ಕಡೆ ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ ಕೂಡ ಇದೇ ಜಾತಿಯವು. ಆ ಕಡೆಯವರು ಸ್ವಲ್ಪ ಹೇಳಿ: ನಿಮ್ಮಲ್ಲಿ ಸುಮ್ನೆ ಇಳಿಜಾರು ನೆಲಕ್ಕೂ ಆ ಮಾತು ಬಳಸ್ತೀರಾ, ಇಲ್ಲ ತೋಟ ಇದ್ದವರ ಪಾಲಿಗೆ ಮಾತ್ರವಾ?

ಕೊನೆಗೊಂದು. ಇಷ್ಟೆಲ್ಲ ಸೇರಿದ್ದಕ್ಕೆ ‘ಕಣಿವೆ’ ಅಂತ ತಲೆಬರಹ ಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಆ ಮಾತು ಕೇಳಿಲ್ಲ. ನಮಗೆ ಕಣಿವೆ ಅಂದ್ರೆ ಕುಶಾಲನಗರದ ಹತ್ತಿರ ತೂಗುಸೇತುವೆ ಇರುವ ಊರು. ಬೇರೆ ಮಾತಿದ್ದರೆ ತಿಳಿಸಿ, ಇಲ್ಲದಿದ್ದರೆ ‘ಬಾಣೆ, ಬೈಲು, ಕೊಲ್ಲಿ’ ಅಂತಲೇ ಹಾಕಿಬಿಡ್ತೇನೆ.